ಸವತಿಯರ ಅಟ್ಟದ ಇಲಿಗಳು

ಗಾಂಗ್ಯಂಗ್ ಪೇಟೆಯಲ್ಲಿ ಉಪ್ಪುಸೀಗಡಿಯ ವ್ಯಾಪಾರ ಇರುವ ತನಕ ಇಲಿಗಳಿಗೂ ಬರವಿಲ್ಲ. ಬೇಸಿಗೆಯೆಲ್ಲ ನದಿ ದಂಡೆಯ ಗೋದಾಮುಗಳಲ್ಲಿ ತಿಂದು ಕೊಬ್ಬುತ್ತವೆ. ಚಳಿ ಬಿದ್ದ ಕೂಡಲೇ ಸಂಸಾರ ಸಮೇತ ಮೇಲಿನ ಓಣಿಗಳಿಗೆ ಗುಳೆ ಬರುತ್ತವೆ. ನಮ್ಮ ಓಣಿಯಲ್ಲಿ ಇಲಿ ಇಲ್ಲದ ಮನೆ ಇರಲಿಲ್ಲ. ಆದರೆ ದಕ್ಸುವಿನ ಮನೆಗೆ ಬಂದ ಇಲಿಗಳ ಕತೆಯೇ ಬೇರೆ.

ಆ ಮನೆ ನನ್ನ ಕಲ್ಲಿದ್ದಲು ಅಂಗಡಿಯ ಎದುರಿಗೇ ಇದೆ. ಉದ್ದನೆಯ ಹೆಂಚಿನ ಮನೆ. ಒಂದೇ ಮಾಡು, ಎರಡು ಬಾಗಿಲು. ಬಲಗಡೆ ದಕ್ಸುವಿನ ಮೊದಲ ಹೆಂಡತಿ ಪಾನಿಮ್, ಎಡಗಡೆ ಎರಡನೆಯವಳು ಹ್ವಾಜಾ.

ಪಾನಿಮ್ ಬುಯೊ ಕಡೆಯ ಮರ್ಯಾದಸ್ಥರ ಮನೆಯ ಹೆಣ್ಣು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಾಗಲಿಲ್ಲ. ಗಂಡು ಮಗು ಬೇಕು ಎಂದು ದಕ್ಸು ಕುನ್ಸಾನ್ ಬಂದರಿನಿಂದ ಹ್ವಾಜಾಳನ್ನು ಕರೆತಂದ. ಪಾನಿಮ್ ಅಳಲಿಲ್ಲ, ತವರಿಗೆ ಹೋಗಲಿಲ್ಲ. ‘ಗೋಡೆ ಕಟ್ಸು’ ಎಂದಷ್ಟೇ ಹೇಳಿದಳು. ದಕ್ಸು ಮನೆಯ ನಟ್ಟನಡುವೆ ಮಣ್ಣಿನ ಇಟ್ಟಿಗೆಯ ಗೋಡೆ ಎಬ್ಬಿಸಿದ. ಅಡುಗೆಮನೆ ಎರಡಾಯಿತು, ಜಗಲಿ ಎರಡಾಯಿತು. ಅಂಗಳದಲ್ಲಿ ಕೈಪಂಪೂ ಸೋಯಾ ಹುದುಗಿಸುವ ಜಾಡಿಗಳೂ ಇದ್ದುದರಿಂದ ಅದನ್ನು ಪಾಲು ಮಾಡಲಾಗಲಿಲ್ಲ. ಅಡುಗೆಮನೆ, ಕೋಣೆಗಳ ಮೇಲಿನ ಅಟ್ಟಕ್ಕೆ ಇಟ್ಟಿಗೆಯ ಭಾರ ಆಗದು ಎಂದು ಗಾರೆಯವನು ಹೇಳಿದ. ಅಲ್ಲಿ ಮಾತ್ರ ಅಡ್ಡಕ್ಕೆ ಹಲಗೆ ಹೊಡೆದರು. ಒಬ್ಬೊಬ್ಬಳ ಕೋಣೆಯಿಂದ ಅವಳವಳ ಅಟ್ಟಕ್ಕೆ ಒಂದೊಂದು ಕಿರುಬಾಗಿಲು.

ಹ್ವಾಜಾಳಿಗೂ ಮಕ್ಕಳಾಗಲಿಲ್ಲ. ಕೊರತೆ ಯಾರದು ಎಂದು ಆಗ ಊರಿಗೆಲ್ಲ ಗೊತ್ತಾಯಿತು. ಪಾನಿಮ್ ನಗಬಹುದಿತ್ತು, ನಗಲಿಲ್ಲ. ಒಂದು ಬೆಳಿಗ್ಗೆ ದಕ್ಸು ಗೋದಾಮಿನಲ್ಲಿ ಪೀಪಾಯಿಯ ಮುಚ್ಚಳ ಎತ್ತುತ್ತಿದ್ದವನು ಅಲ್ಲೇ ಕುಸಿದುಬಿದ್ದು ಹೋಗಿಬಿಟ್ಟ. ಹೆಣ ಎತ್ತುವ ದಿನ ಇಬ್ಬರೂ ಸೂತಕದ ಸೆಣಬಿನ ಬಟ್ಟೆ ಉಟ್ಟು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಅತ್ತರು. ಅದಾದ ಮೇಲೂ ಇಬ್ಬರೂ ಮನೆ ಬಿಡಲಿಲ್ಲ. ಪಾನಿಮ್ ಮನೆಯಲ್ಲೇ ಕೂತು ಹತ್ತಿಯ ರಜಾಯಿ ಹೊಲಿಯುತ್ತಿದ್ದಳು. ಹ್ವಾಜಾ ಬೆಳಗಾದರೆ ಸೀಗಡಿಗೆ ಉಪ್ಪು ಹಾಕುವ ಶೆಡ್ಡಿಗೆ ಹೋಗಿ ಸಂಜೆ ಬರುತ್ತಿದ್ದಳು.

ಇಬ್ಬರಿಗೂ ನೇರ ಮಾತಿಲ್ಲ. ಹೇಳುವುದೇನಾದರೂ ಇದ್ದರೆ ಪಾನಿಮ್ ಅಂಗಳದ ಜಾಡಿಗಳಿಗೆ ಹೇಳುತ್ತಿದ್ದಳು.

“ನೋಡ್ರಪ್ಪ, ಬಂತು ಗಬ್ಬು ನಾತ! ಕೆಲವ್ರು ಎಲ್ಲಿ ಕಾಲಿಟ್ರೆ ಅಲ್ಲಿ ಮೂಗು ಮುಚ್ಕೋಬೇಕು,” ಎಂದು ಜಾಡಿಯ ಮುಚ್ಚಳ ತಿಕ್ಕುತ್ತ ಅನ್ನುವಳು.

ಹ್ವಾಜಾ ಪಂಪಿನ ಹಿಡಿಗೆ ಉತ್ತರ ಕೊಡುವಳು: “ದುಡಿಯೋ ಮೈ ಇದು. ಕೂತು ತಿನ್ನೋರಿಗೆ ಹೇಗೆ ಗೊತ್ತಾಗ್ಬೇಕು?”

ನಮಗಂತೂ ಇದು ದಿನಾ ಕೇಳುವ ರೇಡಿಯೋ ಇದ್ದಂತಾಗಿತ್ತು.

ಆ ವರ್ಷ ಚಳಿ ಬೇಗ ಬಂತು. ಒಂದು ದಿನ ಪಾನಿಮ್ ಕಿರುಬಾಗಿಲು ತೆರೆದು ಅಟ್ಟಕ್ಕೆ ತಲೆ ಹಾಕಿದಾಗ ಗಂಡನ ತಿಥಿಗೆಂದು ಎತ್ತಿಟ್ಟಿದ್ದ ಒಣಮೀನಿನ ತಲೆ ಮಾತ್ರ ಉಳಿದಿತ್ತು. ಬೋರೆಹಣ್ಣಿನ ಚೀಲಕ್ಕೆ ತೂತು ಬಿದ್ದಿತ್ತು. ರಜಾಯಿಗೆ ತಂದಿದ್ದ ಹೊಸ ಹತ್ತಿಯ ತುಂಬ ಹಿಕ್ಕೆ. ಅವಳು ಬೋನು ತಂದಿಟ್ಟಳು. ಮೊದಲ ದಿನಗಳಲ್ಲಿ ಮರಿಗಳು ಬಿದ್ದವು. ಆಮೇಲೆ ದೊಡ್ಡವು ಹುಷಾರಾದವು. ಬೋನಿನ ಸದ್ದಾದ ಕೂಡಲೇ ಹಲಗೆಯ ಸಂದಿಯಲ್ಲಿ ನುಸುಳಿ ಆ ಕಡೆ ಓಡುತ್ತಿದ್ದವು. ಆ ಕಡೆ ಹ್ವಾಜಾ ಪೊರಕೆಯ ಹಿಡಿಯಿಂದ ಛಾವಣಿಗೆ ಗುದ್ದುವಳು. ಎಲ್ಲವೂ ದಬದಬ ಎಂದು ಈ ಕಡೆ ವಾಪಸು. ಪಾನಿಮ್ ಎದ್ದು ಒನಕೆಯಿಂದ ಗುದ್ದುವಳು. ಪಾಪದ ಇಲಿಗಳು ಇಬ್ಬರು ಸವತಿಯರ ನಡುವೆ ಚೆಂಡಾಟದ ಚೆಂಡಾದವು.

ಬೆಳಿಗ್ಗೆ ಜಾಡಿಗಳಿಗೆ ದೂರು ಹೋಯಿತು. “ತಮ್ಮನೆ ದರಿದ್ರಾನೆಲ್ಲ ನಮ್ಮನೆಗೆ ಅಟ್ಟೋರು ಇದಾರೆ ನೋಡಿ.”

“ಯಾರು ಮೊದ್ಲು ಅಟ್ಟಿದ್ದು ಅಂತ ಕೇಳ್ರೀ,” ಎಂದಿತು ಪಂಪಿನ ಕಡೆ.

ಇಡೀ ಊರು ಒಂದೇ ಸಂಜೆ ಇಲಿ ಪಾಷಾಣ ಇಡಬೇಕು ಎಂದು ಆಗ ಸರ್ಕಾರದವರು ಸಾರಿಸುತ್ತಿದ್ದರು. ನಮ್ಮ ಓಣಿಯ ಮುಖಂಡೆ ಕಪ್ಸುನ್ ಮನೆಮನೆಗೆ ಪೊಟ್ಟಣ ಹಂಚುತ್ತ ಬಂದಳು. ಕಪ್ಸುನ್‌ಗೆ ಬಾಯಿಗೆ ಬೀಗವಿಲ್ಲ. ಅಂಗಳದಲ್ಲಿ ನಿಂತು ಇಬ್ಬರಿಗೂ ಕೇಳುವ ಹಾಗೆ ಕೂಗಿದಳು.

“ನೋಡ್ರಮ್ಮಾ, ನಿಮ್ಮದು ಎರಡು ಮನೆ ಇರಬಹುದು, ಅಟ್ಟ ಒಂದೇ. ಗಂಡನ್ನೇ ಹಂಚ್ಕೊಂಡ್ರಿ, ಇಲಿ ಹಂಚ್ಕೊಳ್ಳೋಕೇನು ಕಷ್ಟ? ಇಬ್ರೂ ಒಟ್ಟಿಗೆ ಇಡಿ!”

ಎರಡೂ ಬಾಗಿಲು ಒಂದೇ ಸಲಕ್ಕೆ ಧಡಾರನೆ ಮುಚ್ಚಿದವು.

ಪಾನಿಮ್ ಪಾಷಾಣವನ್ನು ಅನ್ನಕ್ಕೆ ಕಲಸಿ ಇಟ್ಟಳು. ಹ್ವಾಜಾ ಇಡಲಿಲ್ಲ, ಅವಳಿಗೆ ಪಾಷಾಣವೆಂದರೆ ಹೆದರಿಕೆ. ಮರುದಿನ ಪಾನಿಮ್ ಕೆಲವು ಸತ್ತ ಇಲಿಗಳನ್ನು ಇಕ್ಕಳದಲ್ಲಿ ಹಿಡಿದು ತಂದು ಹೂತಳು. ಉಳಿದವು ಬದುಕಿಕೊಂಡವು. ಒಂದೆರಡು ಎಲ್ಲೋ ಸಿಗದ ಕಡೆ ಹೋಗಿ ಸತ್ತವು.

ವಾಸನೆ ಶುರುವಾಯಿತು. ಮೊದಲು ಸಣ್ಣಗೆ, ಒದ್ದೆ ಬಟ್ಟೆಯ ಹಾಗೆ. ಚಳಿಗೆಂದು ನೆಲದಡಿ ಬೆಂಕಿ ಹಾಕಿ ನೆಲ ಬಿಸಿಯಾದಾಗ ಕೋಣೆಯೂ ಕಾದು, ವಾಸನೆ ಗಂಟಲಿಗೇ ಇಳಿಯತೊಡಗಿತು. ಪಾನಿಮ್ ತನ್ನ ಅಟ್ಟವನ್ನೆಲ್ಲ ಬರಿದು ಮಾಡಿ ಹುಡುಕಿದಳು. ಏನೂ ಇಲ್ಲ. ಹಲಗೆಗೆ ಮೂಗಿಟ್ಟು ನೋಡಿದಳು. ಆ ಕಡೆಯಿಂದ. ಇದು ಬೇಕೆಂದೇ ಮಾಡುತ್ತಿರುವುದು ಎಂದು ಅವಳಿಗೆ ಅನ್ನಿಸಿತು. ‘ಪಾಷಾಣ ಇಟ್ಟವಳು ನೀನು, ಈಗ ಅನುಭವಿಸು’ ಎಂದು ಆ ಹೆಂಗಸು ಹೆಣವನ್ನು ಅಲ್ಲೇ ಕೊಳೆಯಲು ಬಿಟ್ಟಿದ್ದಾಳೆ. ಊಟ ಸೇರಲಿಲ್ಲ. ರಜಾಯಿ ಹೊಲಿಸಲು ಬಂದವರೊಬ್ಬರು ಮೂಗು ಮುಚ್ಚಿಕೊಂಡು ವಾಪಸು ಹೋದರು.

ಶೆಡ್ಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಪಾನಿಮ್ ಅಂಗಳ ದಾಟಿ ಹ್ವಾಜಾಳ ಜಗಲಿಯ ಎದುರು ನಿಂತಳು. ಜಾಡಿಗಳ ಕಡೆ ನೋಡಲಿಲ್ಲ.

“ಏ ಹೆಂಗ್ಸೇ! ನಿನಗೆ ಹೊಟ್ಟೆಕಿಚ್ಚಿರಬಹುದು, ಮೂಗಿಲ್ವಾ? ಹೇಗೆ ಮಲಗ್ತೀಯ ಆ ಹೆಣದ ಕೆಳಗೆ?”

ಬಾಗಿಲು ತೆರೆಯಿತು. ಹ್ವಾಜಾ ಕೂದಲು ಕಟ್ಟಿಕೊಳ್ಳುತ್ತಿದ್ದವಳು ಕೈ ಹಾಗೇ ನಿಲ್ಲಿಸಿದಳು. ತನ್ನ ಕಡೆ ನೋಡಿ ಆಡಿದ ಮಾತು ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಯಾವ ಹೆಣ, ಅಕ್ಕಾ?”

“ಇಲಿ! ಸತ್ತ ಇಲಿ! ನಾರ್ತಾ ಇಲ್ವಾ?”

“ಇಲ್ಲ,” ಎಂದಳು ಹ್ವಾಜಾ. ಆಮೇಲೆ ತಲೆ ತಗ್ಗಿಸಿ, “ನನಗೆ ವಾಸನೆ ತಿಳಿಯೋದಿಲ್ಲ. ಶೆಡ್ ಸೇರಿದ ಮೊದಲನೇ ಚಳಿಗಾಲ ದೊಡ್ಡ ಜ್ವರ ಬಂತಲ್ಲ, ಆವಾಗಿಂದ ಏನೂ ಇಲ್ಲ. ಸಾರು ಹುಳಿಯಾದ್ರೂ ಗೊತ್ತಾಗಲ್ಲ. ನಾಲಿಗೆಗೆ ಉಪ್ಪು ಒಂದು ತಿಳೀತದೆ, ಅಷ್ಟೇ.”

ಪಾನಿಮ್ ಬೈಯಲೆಂದು ಎಳೆದುಕೊಂಡಿದ್ದ ಉಸಿರನ್ನು ಹಾಗೇ ಬಿಟ್ಟಳು.

“ಮತ್ತೆ ನಾನು ಇಷ್ಟು ವರ್ಷ… ನಾತ ನಾತ ಅಂತ…”

“ಸುಮ್ನೆ ಬೈಗುಳ ಅನ್ಕೊಂಡಿದ್ದೆ. ನಿಜವಾಗ್ಲೂ ನಾರ್ತೀನಾ?”

ಹಾಗೆ ಕೇಳಿದಾಗ ಅವಳ ಮುಖ ಚಿಕ್ಕ ಹುಡುಗಿಯ ಮುಖದಂತಿತ್ತು ಎಂದು ಪಾನಿಮ್ ಆಮೇಲೆ ನನ್ನ ಹತ್ತಿರ ಹೇಳಿದಳು. ಎಂದೂ ಸುಳ್ಳು ಹೇಳದ ಹೆಂಗಸು ಅವತ್ತು ಸುಳ್ಳು ಹೇಳಿದಳಂತೆ.

“ಏನಿಲ್ಲ. ಸಮುದ್ರದ ವಾಸನೆ. ಸರಿ ಸರಿ, ಅಟ್ಟದ ಬಾಗಿಲು ತೆಗಿ. ಮೊದಲು ಆ ದರಿದ್ರ ಎಲ್ಲಿದೆ ನೋಡೋಣ.”

ಅಷ್ಟು ವರ್ಷಗಳಲ್ಲಿ ಪಾನಿಮ್ ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ರೇಷ್ಮೆಯ ಹಾಸಿಗೆ, ಬಣ್ಣದ ಪೆಟ್ಟಿಗೆ, ಕನ್ನಡಿಯ ಕಪಾಟು ಎಲ್ಲ ಇರುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಒಂದು ಮಡಿಸಿಟ್ಟ ಹಾಸಿಗೆ, ಒಂದು ಊಟದ ಮಣೆ, ಗೋಡೆಯ ಮೊಳೆಗೆ ಕೆಲಸದ ಕೋಟು. ತನ್ನ ಕೋಣೆಗಿಂತ ಬರಿದು. ತಲೆಯೆತ್ತಿ ನೋಡಿದರೆ ಛಾವಣಿಗೆ ಅಂಟಿಸಿದ ಕಾಗದದ ಮೇಲೆ ತೇಪೆ, ತೇಪೆಯ ಮೇಲೆ ಮತ್ತೊಂದು ತೇಪೆ. ಇಲಿಯ ಉಚ್ಚೆಯ ಹಳದಿ ಕಲೆಗಳು, ಕೆಲವು ಹೊಸವು, ಕೆಲವು ಹಳೆಯವಾಗಿ ಕಂದಿದವು.

ಇಬ್ಬರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಟ್ಟ ಹತ್ತಿದರು. ಹ್ವಾಜಾಳಿಗೆ ಬಟ್ಟೆಯ ಅಗತ್ಯ ಇರಲಿಲ್ಲ, ಆದರೂ ಅಕ್ಕ ಕಟ್ಟಿದಳು ಎಂದು ಕಟ್ಟಿದಳು. ತಲೆಯೆತ್ತಿ ನಿಲ್ಲಲಾಗದ ಜಾಗ. ಮೊಣಕಾಲಲ್ಲಿ ಹೋಗಬೇಕು. ಪಾನಿಮ್ ಮೂಗಿನಿಂದ ಹುಡುಕಿದಳು, ಹ್ವಾಜಾ ಕಣ್ಣಿನಿಂದ.

“ಇನ್ನೂ ಈ ಕಡೆ. ಇಲ್ಲ, ಇಲ್ಲ, ಅಯ್ಯಪ್ಪ, ಅಲ್ಲೇ! ಅಲ್ಲೇ!”

ಹಲಗೆಗೂ ತೊಲೆಗೂ ನಡುವಿನ ಸಂದಿಯಲ್ಲಿ ಎರಡು ಇಲಿಗಳು ಒಂದರ ಪಕ್ಕ ಒಂದು ಬಿದ್ದಿದ್ದವು. ತೆಗೆಯಬೇಕಾದರೆ ಹಲಗೆ ಕೀಳಲೇಬೇಕು. ಪಾನಿಮ್ ಕೀಳು ಎಂದಳು. ಹ್ವಾಜಾ ಅನುಮಾನಿಸಿದಳು.

“ಕೀಳ್ಲಾ? ಇದು ನೀವು ಹಾಕ್ಸಿದ್ದು.”

“ಹಾಕ್ಸಿದ್ದೂ ನಾನೇ, ಕೀಳು ಅಂತಿರೋದೂ ನಾನೇ.”

ಮೊಳೆಗಳು ತುಕ್ಕು ಹಿಡಿದಿದ್ದವು. ಹಲಗೆಯ ಬುಡವನ್ನು ಇಲಿಗಳು ಆಗಲೇ ತಿಂದು ಮುಗಿಸಿದ್ದವು. ಎರಡು ಸಲ ಎಳೆಯುವಷ್ಟರಲ್ಲಿ ಕೈಗೇ ಬಂತು. ಹ್ವಾಜಾ ಸತ್ತ ಇಲಿಗಳನ್ನು ಬಾಲ ಹಿಡಿದು ಎತ್ತಿ ತಗಡಿನ ಡಬ್ಬಕ್ಕೆ ಹಾಕಿದಳು. ಪಾನಿಮ್‌ಗೆ ನೋಡಲಾಗದೆ ಮೂಗಿನ ಬಟ್ಟೆಯನ್ನು ಒತ್ತಿ ಹಿಡಿದು ಮುಖ ತಿರುಗಿಸಿದಳು. “ಇದೊಂದಕ್ಕೆ ನನ್ನ ಮೂಗು ಉಪಕಾರಕ್ಕೆ ಬಂತು,” ಎಂದಳು ಹ್ವಾಜಾ. ಇಬ್ಬರಿಗೂ ನಗು ಬಂತು. ಕೂಡಲೇ ಇಬ್ಬರೂ ನಗು ನಿಲ್ಲಿಸಿದರು.

ಇಲಿಗಳು ಒಳಗೆ ಬರುವ ದಾರಿಯೂ ಸಿಕ್ಕಿತು. ಹ್ವಾಜಾಳ ಕಡೆಯ ಸೂರಿನಲ್ಲಿ ಹೆಂಚು ಸರಿದು ಮುಷ್ಟಿ ಹೋಗುವಷ್ಟು ದೊಡ್ಡ ಬಿಲವಾಗಿತ್ತು. ಅಲ್ಲಿಂದ ಒಂದು ತೊಲೆಯ ಉದ್ದಕ್ಕೂ ಜಾಡು. ಮರ ಎಣ್ಣೆ ಹಚ್ಚಿದ ಹಾಗೆ ಕಪ್ಪಾಗಿ ನುಣುಪಾಗಿತ್ತು. ಪಾನಿಮ್ ಅದನ್ನು ಬೆರಳಿನಿಂದ ಸವರಿ ನೋಡಿದಳು.

“ಇದು ಈ ವರ್ಷದ್ದಲ್ಲ ಕಣೇ.”

“ಅಲ್ಲ. ನಾನು ಬಂದ ವರ್ಷದಿಂದ್ಲೂ ಇವೆ. ಅವರಿಗೆ ಎಷ್ಟು ಸಲ ಹೇಳ್ದೆ ಆ ಹೆಂಚು ಸರಿ ಮಾಡ್ಸಿ ಅಂತ. ರಾತ್ರಿಯೆಲ್ಲ ಯಾರೋ ಕುಸ್ತಿ ಆಡೋ ಹಾಗೆ ಸದ್ದು. ಒಬ್ಳೇ ಮಲಗೋಕೆ ಹೆದ್ರಿಕೆ ಆಗ್ತಿತ್ತು.”

“ಒಬ್ಳೇ?”

“ಹೂಂ.”

“ಒಬ್ಳೇ ಅಂದ್ರೆ ಏನು? ಅವನು ಎಲ್ಲಿದ್ದ?”

ಹ್ವಾಜಾ ಬಟ್ಟೆಯನ್ನು ಬಾಯಿಂದ ಕೆಳಗಿಳಿಸಿ ಅವಳನ್ನೇ ನೋಡಿದಳು. “ನಿಮ್ಮ ಕಡೆ. ಮತ್ತೆಲ್ಲಿ? ‘ದೊಡ್ಡವಳ ಮನಸ್ಸು ಮುರೀಬಾರ್ದು, ಈ ವಾರ ಆ ಕಡೆ ಮಲಗ್ತೀನಿ’ ಅಂತಿದ್ರು. ನಾನು ಏನು ಹೇಳ್ಲಿ? ಆಮೇಲೆ ಬಂದವಳು ನಾನು.”

 ಸರಿದ ಹೆಂಚಿನ ಬಿಲದಿಂದ ಒಂದು ಚೂರು ಬಿಸಿಲು ಒಳಗೆ ಬಿದ್ದಿತ್ತು, ಅದರಲ್ಲಿ ಧೂಳು ಏಳುತ್ತಿತ್ತು.

“ನನ್ನ ಹತ್ರ ಅವನು ಬೇರೆ ಹೇಳ್ತಿದ್ದ,” ಎಂದಳು ಪಾನಿಮ್. “‘ಚಿಕ್ಕವಳು, ಹೊಸಬಳು, ಹೆದರ್ತಾಳೆ’ ಅಂತಿದ್ದ. ಹಬ್ಬಕ್ಕೆ, ಹುಷಾರಿಲ್ಲದಾಗ, ಅಷ್ಟಕ್ಕೇ ನನ್ನ ಕೋಣೆಗೆ ಬರ್ತಿದ್ದಿದ್ದು. ಉಳಿದ ದಿನ ನಾನು ನಡುಗೋಡೆಗೆ ಬೆನ್ನು ಹಾಕ್ಕೊಂಡು ಮಲಗ್ತಿದ್ದೆ. ಆ ಕಡೆಯಿಂದ ದಬದಬ ಸದ್ದು ಬರ್ತಿತ್ತು. ನೀವಿಬ್ರೂ…” ತೊಲೆಯ ಕಡೆ ಮುಖ ತಿರುಗಿಸಿದಳು. “ನೀವಿಬ್ರೂ ಆಟ ಆಡ್ತಿದೀರ ಅನ್ಕೋತಿದ್ದೆ. ನನಗೆ ಕೇಳಿಸ್ಬೇಕು ಅಂತ್ಲೇ ಆಡ್ತಿದೀರ ಅಂತ.”

“ಇಲಿಗಳು, ಅಕ್ಕಾ.”

“ಇಲಿಗಳು.”

“ನಾನೂ ಗೋಡೆಗೆ ಕಿವಿ ಕೊಡ್ತಿದ್ದೆ,” ಎಂದಳು ಹ್ವಾಜಾ. “ನಿಮ್ಮ ಕಡೆ ಏನೂ ಸದ್ದಿರ್ತಿರಲಿಲ್ಲ. ಎಷ್ಟು ನೆಮ್ಮದಿಯಾಗಿ ಮಲಗಿದಾರೆ ಗಂಡ ಹೆಂಡ್ತಿ ಅನ್ನಿಸ್ತಿತ್ತು.”

ಇಬ್ಬರೂ ಮೊಣಕಾಲಿನ ಮೇಲೆ, ಹಿಕ್ಕೆಯ ನಡುವೆ, ಒಬ್ಬರ ಎದುರು ಒಬ್ಬರು ಕೂತಿದ್ದರು. ಯಾರೂ ಅಳಲಿಲ್ಲ. ಅಳುವುದು ಯಾರಿಗಾಗಿ ಎಂದು ತಿಳಿಯಲಿಲ್ಲವಂತೆ.

“ಹಾಗಾದ್ರೆ ಅವನು ಎಲ್ಲಿ ಬಿದ್ಕೊಂಡಿರ್ತಿದ್ದ?” ಎಂದಳು ಪಾನಿಮ್.

“ಜೂಜಿನ ಕೋಣೇಲೋ ಏನೋ. ಇಲ್ಲಾಂದ್ರೆ ಮೂರನೇವಳು.”

“ಅವಳ ಮನೆ ಅಟ್ಟದಲ್ಲೂ ಇಲಿ ಇರ್ಲಿ, ಬಿಡು.”

ಈ ಸಲ ನಗು ಬಂದಾಗ ನಿಲ್ಲಿಸಲಿಲ್ಲ. ನಾನು ಅಂಗಡಿಯಲ್ಲಿ ಕಲ್ಲಿದ್ದಲು ಬಿಲ್ಲೆ ಜೋಡಿಸುತ್ತಿದ್ದೆ. ಆ ಮನೆಯ ಮಾಡಿನೊಳಗಿನಿಂದ ಇಬ್ಬರು ಹೆಂಗಸರ ನಗು ಕೇಳಿ ಓಣಿಗೆ ಬಂದು ನಿಂತೆ. ಕಪ್ಸುನ್ ಕೂಡ ಬಾಗಿಲಿಗೆ ಬಂದಳು. “ಪಾಷಾಣ ಏನಾದ್ರೂ ಇವ್ರೇ ತಿಂದ್ರಾ?” ಎಂದಳು.

ಮರುದಿನದಿಂದ ಕೆಲಸ ಶುರುವಾಯಿತು. ಹ್ವಾಜಾ ಸಂಜೆ ಶೆಡ್ಡಿನಿಂದ ಬರುತ್ತ ಗುಡ್ಡದ ಕಡೆ ಹೋಗಿ ಚೆಸ್ಟ್‌ನಟ್ ಕಾಯಿಯ ಮುಳ್ಳುಸಿಪ್ಪೆ ಚೀಲಗಟ್ಟಲೆ ಆರಿಸಿ ತಂದಳು. ಪಾನಿಮ್ ಅಂಗಳದಲ್ಲಿ ಜೇಡಿಮಣ್ಣಿಗೆ ಹುಲ್ಲು ಕಲಸಿ ತುಳಿದಳು. ಅಟ್ಟದಲ್ಲಿ ಸಿಕ್ಕ ಪ್ರತಿ ಸಂದಿಗೂ ಮುಳ್ಳುಸಿಪ್ಪೆ ತುರುಕಿ ಮೇಲೆ ಮಣ್ಣು ಮೆತ್ತಿದರು. ಆ ಮುಳ್ಳಿಗೆ ಇಲಿ ಮೂಗು ಹಾಕುವುದಿಲ್ಲ. ಪಾನಿಮ್ ಮಣ್ಣು ಕೊಡುವಳು, ಹ್ವಾಜಾ ಮೆತ್ತುವಳು. ಇಬ್ಬರ ಕೈತುಂಬ ಮುಳ್ಳು. ಸಂಜೆ ದೀಪದ ಹತ್ತಿರ ಕೂತು ಸೂಜಿಯಿಂದ ಒಬ್ಬರ ಮುಳ್ಳು ಇನ್ನೊಬ್ಬರು ತೆಗೆದರು. ಕೊನೆಗೆ ಒಳಗೆ ಉಳಿದಿದ್ದ ಇಲಿಗಳಿಗೆ ಎರಡೂ ಕಡೆ ಬೋನಿಟ್ಟರು. ಅವಕ್ಕೆ ಈಗ ಓಡಿಹೋಗಲು ಆ ಕಡೆ ಈ ಕಡೆ ಎಂಬುದಿರಲಿಲ್ಲ. ಒಂದೊಂದಾಗಿ ಬಿದ್ದವು.

ಚಾಂದ್ರಮಾನ ಹೊಸವರ್ಷದ ಹೊತ್ತಿಗೆ ಅಟ್ಟ ನಿಶ್ಶಬ್ದವಾಯಿತು. ಇಬ್ಬರೂ ಕೂಡಿ ದಕ್ಸುವಿಗೆ ಎಡೆ ಇಟ್ಟರು. ಅವನ ಇಷ್ಟದ ಒಣಮೀನು ಇಡಲಿಲ್ಲ. ಬೇಕೆಂದೇ ಇಡಲಿಲ್ಲವೋ, ಇಲಿ ತಿಂದದ್ದಕ್ಕೆ ಇಡಲಿಲ್ಲವೋ, ನಾನು ಕೇಳಲಿಲ್ಲ.

ಇನ್ನು ಇವರಿಬ್ಬರೂ ಅಕ್ಕತಂಗಿಯರ ಹಾಗೆ ಇರುತ್ತಾರೆ, ಗೋಡೆಯನ್ನೂ ಒಡೆಸುತ್ತಾರೆ ಎಂದು ಓಣಿಯಲ್ಲಿ ನಾವೆಲ್ಲ ಮಾತಾಡಿಕೊಂಡೆವು. ಆದರೆ ನದಿಯ ಮಂಜುಗಡ್ಡೆ ಕರಗುವ ಮೊದಲೇ ಹ್ವಾಜಾ ಗಂಟು ಕಟ್ಟಿದಳು. ಕುನ್ಸಾನಿನಲ್ಲಿ ಅವಳ ಚಿಕ್ಕಪ್ಪನ ಮಗಳು ಬಂದರಿನ ಹತ್ತಿರ ಕಪ್ಪೆಚಿಪ್ಪು ಬಿಡಿಸುವ ಕೆಲಸ ಮಾಡುತ್ತಿದ್ದಳು. ಬಾ ಎಂದು ಎಷ್ಟೋ ವರ್ಷದಿಂದ ಕರೆಯುತ್ತಿದ್ದಳಂತೆ.

“ಈಗ ಯಾಕೇ?” ಎಂದು ಪಾನಿಮ್ ಕೇಳಿದಳು. “ಈಗ ತಾನೇ ಎಲ್ಲ ಸರಿ ಹೋಯ್ತಲ್ಲ.”

“ಅದಕ್ಕೇ, ಅಕ್ಕಾ.” ಹ್ವಾಜಾ ಗಂಟಿನ ಮೂಲೆಯನ್ನು ಬಿಗಿ ಮಾಡುತ್ತಿದ್ದಳು. “ನಾನು ಹೋದ್ರೆ ನೀವು ಗೆದ್ದ ಹಾಗಾಗ್ತದೆ ಅಂತ ಇದ್ದೆ. ಅವರು ನಿಮ್ಮ ಕಡೆ ಇರ್ತಿದ್ರು, ಮನೆಯೂ ನಿಮಗೇ ಯಾಕೆ ಬಿಡ್ಲಿ ಅಂತ. ಈಗ ನೋಡಿದ್ರೆ ಗೆಲ್ಲೋಕೆ ಇಲ್ಲಿ ಏನೂ ಇರ್ಲೇ ಇಲ್ಲ.”

 ಪಾನಿಮ್ ಕೂಡ ಅದೇ ಕಾರಣಕ್ಕೆ ಇದ್ದವಳು. ಆದರೆ ಅವಳಿಗೆ ಹೋಗಲು ಜಾಗವಿರಲಿಲ್ಲ. ಬುಯೊದಲ್ಲಿ ಅಪ್ಪ ಅಮ್ಮ ತೀರಿಹೋಗಿದ್ದರು, ಅಣ್ಣನ ಸೊಸೆಯಂದಿರಿಗೆ ಅವಳ ಮುಖದ ಪರಿಚಯವೂ ಇರಲಿಲ್ಲ. ಒಳಗೆ ಹೋಗಿ ತಾನು ಹೊಲಿದ ಒಂದು ರಜಾಯಿ ತಂದು ಗಂಟಿನ ಮೇಲಿಟ್ಟಳು. “ಬಂದರಲ್ಲಿ ಗಾಳಿ ಜಾಸ್ತಿ,” ಎಂದಳು. ಬಸ್ಸಿನ ತನಕ ಹೋಗಲಿಲ್ಲ. ಗೇಟಿನಲ್ಲೇ ನಿಂತು, ಹ್ವಾಜಾ ಓಣಿಯ ತಿರುವು ದಾಟಿದ ಮೇಲೂ ಅಲ್ಲೇ ನಿಂತಿದ್ದಳು. ನಾನು ಕರೆದೆ, ಬಾ ಒಳಗೆ, ಬಾರ್ಲಿ ನೀರು ಕಾಯಿಸಿದ್ದೇನೆ ಎಂದೆ. ಕೇಳಿಸಲಿಲ್ಲ.

ವಸಂತ ಬಂತು, ಸೀಗಡಿ ದೋಣಿಗಳು ಬಂದವು. ಪಾನಿಮ್ ಜಾಡಿಗಳ ಹತ್ತಿರ ಮಾತಾಡುವುದನ್ನು ಬಿಟ್ಟಳು. ಮುಚ್ಚಳ ತೆಗೆದು ಬಿಸಿಲಿಗಿಡುವಳು, ಸಂಜೆ ಮುಚ್ಚುವಳು, ಅಷ್ಟೇ. ಓಣಿಯಲ್ಲಿ ನಮಗೇ ಏನೋ ಕಳೆದುಹೋದಂತೆ ಅನ್ನಿಸುತ್ತಿತ್ತು. ರಾತ್ರಿ ನಿದ್ದೆ ಬರುವುದಿಲ್ಲ ಎಂದು ಒಮ್ಮೆ ನನ್ನ ಹತ್ತಿರ ಹೇಳಿದಳು. “ಮನೆ ತುಂಬಾ ದೊಡ್ಡದು ಅನ್ನಿಸ್ತದೆ. ಗೋಡೆ ಇದ್ದೂ ದೊಡ್ಡದು.”

ಬೇಸಿಗೆಯ ಒಂದು ದಿನ ಯಾರಿಗೂ ಹೇಳದೆ ಅವಳು ಕುನ್ಸಾನ್ ಬಸ್ಸು ಹತ್ತಿದಳು. ವಿಳಾಸ ಗೊತ್ತಿರಲಿಲ್ಲ, ಬಂದರಿನಲ್ಲಿ ಕಪ್ಪೆಚಿಪ್ಪು ಬಿಡಿಸುವ ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರ ಮುಖ ನೋಡುತ್ತ ಹೋದಳು. ಹ್ವಾಜಾಳೇ ಅವಳನ್ನು ಮೊದಲು ಕಂಡಳು. ಚಾಕು ಕೆಳಗಿಟ್ಟು ಎದ್ದು ನಿಂತಳು.

“ಯಾರಿಗೆ ಏನಾಯ್ತಕ್ಕಾ?”

“ಯಾರಿಗೇನಾಗ್ಬೇಕು? ಯಾರಿದಾರೆ ನಮಗೆ? ಸುಮ್ನೆ ಬಂದೆ.”

ಇಬ್ಬರೂ ದಡದ ಅಂಗಡಿಯಲ್ಲಿ ಕಪ್ಪೆಚಿಪ್ಪಿನ ಸಾರಿನ ಶ್ಯಾವಿಗೆ ತಿಂದರು. ಹ್ವಾಜಾ ಬಟ್ಟಲಿನಿಂದ ಮುಖ ಎತ್ತಿ, “ಹೇಗಿದೆ? ಚೆನ್ನಾಗಿದ್ಯಾ?” ಎಂದು ಕೇಳಿದಳು. ಶುಂಠಿ ಹಾಕಿದ್ದಾರೆ, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ, ಚಿಪ್ಪು ಇವತ್ತಿನದೇ, ಹಳೆಯದಲ್ಲ ಎಂದು ಪಾನಿಮ್ ಒಂದೊಂದೇ ಹೇಳಿದಳು. ಹ್ವಾಜಾ ತಲೆಯಾಡಿಸುತ್ತ ತಿಂದಳು. ಆಮೇಲೆ ಬಟ್ಟಲು ಬದಿಗಿಟ್ಟು ದೋಣಿಗಳನ್ನು ನೋಡುತ್ತ ಕೂತರು.

“ಇವತ್ತು ಇಲ್ಲೇ ಇರಿ, ಅಕ್ಕಾ.”

ಪಾನಿಮ್ ಅವಳ ಕೋಣೆ ನೋಡಿದಳು. ಹ್ವಾಜಾಳದೂ ಚಿಕ್ಕಪ್ಪನ ಮಗಳದೂ ಹಾಸಿಗೆ ಹಾಸಿದರೆ ಬಾಗಿಲು ತೆರೆಯಲೂ ಜಾಗ ಉಳಿಯದಷ್ಟು ಇಕ್ಕಟ್ಟು. ತಾನು ಕೊಟ್ಟ ರಜಾಯಿಯನ್ನು ಮಡಿಸಿ ಎತ್ತರದಲ್ಲಿ ಇಟ್ಟಿದ್ದರು.

“ಇನ್ನೊಂದ್ಸಲ ಬರ್ತೀನಿ, ಚಳಿ ಶುರುವಾದ ಮೇಲೆ,” ಎಂದು ಹೇಳಿ ಸಂಜೆಯ ಬಸ್ಸು ಹತ್ತಿದಳು. ಬಸ್ಸು ಹೊರಡುವ ತನಕ ಹ್ವಾಜಾ ಕಿಟಕಿಯ ಕೆಳಗೆ ನಿಂತಿದ್ದಳು.  ಬಸ್ಸು ಹೊರಟಿತು.

ಚಳಿ ಬಂದು ಹೋಗಿದೆ. ಪಾನಿಮ್ ಮತ್ತೆ ಕುನ್ಸಾನಿಗೆ ಹೋಗಿಲ್ಲ. ಎಡಗಡೆಯ ಮನೆಯನ್ನು ಬಾಡಿಗೆಗೆ ಕೊಡ್ತೀಯಾ ಎಂದು ಕಪ್ಸುನ್ ಕೇಳುತ್ತಲೇ ಇರುತ್ತಾಳೆ, ಒಳ್ಳೆಯ ಸಂಸಾರವೊಂದನ್ನು ಗೊತ್ತು ಮಾಡಿಯೂ ಇಟ್ಟಿದ್ದಾಳೆ. ‘ನೋಡೋಣ’ ಎನ್ನುತ್ತಾಳೆ ಪಾನಿಮ್. ಬೆಳಿಗ್ಗೆ ಆ ಕಡೆಯ ಕಿಟಕಿಗಳನ್ನು ಗಾಳಿಯಾಡಲು ತೆರೆದಿಟ್ಟು, ಕತ್ತಲಾಗುವ ಮೊದಲು ಮುಚ್ಚಿ ಬರುತ್ತಾಳೆ.